ಆರು ಜನದ ಮನೆಗೆ ಎಂಪಿವಿ ತಗೊಳ್ಳೋದಾ, ಹಳೇ ಸ್ಟೇಷನ್ ವ್ಯಾಗನ್ ಹುಡುಕೋದಾ? ಪುಣೆಯವರು ಹೇಳಿ

ವಾಕಡ್ ವಾಸಿ

ಎಲ್ಲರಿಗೂ ನಮಸ್ಕಾರ. ಗಾಡಿ ತಗೊಳ್ಳುವ ವಿಚಾರದಲ್ಲಿ ತಲೆ ಕೆಟ್ಟು ಹೋಗಿದೆ, ಸ್ವಲ್ಪ ದಾರಿ ತೋರಿಸಿ.

ಮನೆಯಲ್ಲಿ ನಾನು, ಹೆಂಡತಿ, ಎಂಟು ವರ್ಷದ ಮಗಳು, ಎರಡು ವರ್ಷದ ಮಗ. ಅಪ್ಪ-ಅಮ್ಮ ಅರ್ಧ ವರ್ಷ ಧಾರವಾಡದಲ್ಲಿ, ಅರ್ಧ ವರ್ಷ ನಮ್ಮ ಜೊತೆ ವಾಕಡ್‌ನಲ್ಲಿ. ಅಮ್ಮನಿಗೆ ಮೊಣಕಾಲು ನೋವು. ಈಗಿರೋದು ಸಣ್ಣ ಹ್ಯಾಚ್‌ಬ್ಯಾಕ್. ಬಜೆಟ್ 15 ಲಕ್ಷ, ಎಳೆದಾಡಿದರೆ 17.

ಎಲ್ಲರೂ ಎರ್ಟಿಗಾ ಇಲ್ಲವೇ ಕ್ಯಾರೆನ್ಸ್‌ನಂಥ ಎಂಪಿವಿ (ಮೂರು ಸಾಲು ಸೀಟಿನ ಎತ್ತರದ ಗಾಡಿ) ತಗೋ ಅಂತಾರೆ. ಆದರೆ ಆಫೀಸಿನಲ್ಲಿ ಒಬ್ಬ ಗೆಳೆಯ ಇದ್ದಾನೆ, ಸ್ಟೇಷನ್ ವ್ಯಾಗನ್ (ಸೆಡಾನ್‌ನ ಚಾವಣಿಯನ್ನು ಹಿಂದಿನವರೆಗೂ ಚಾಚಿ ಡಿಕ್ಕಿ ದೊಡ್ಡದು ಮಾಡಿದ ಕಾರು) ಹುಚ್ಚ. ಓಡಿಸೋಕೆ ಕಾರು, ತುಂಬೋಕೆ ಟೆಂಪೋ ಅಂತ ದಿನಾ ಕಿವಿಯಲ್ಲಿ ಊದುತ್ತಾನೆ. ಒಂದು ಹಳೇ ಸ್ಕೋಡಾ ಆಕ್ಟೇವಿಯಾ ಕಾಂಬಿಯನ್ನೂ ಹುಡುಕಿ ಇಟ್ಟಿದ್ದಾನೆ. ಹೋಗಿ ನೋಡಿದೆ. ಚೆನ್ನಾಗಿಯೇ ಇದೆ, ಸುಳ್ಳು ಹೇಳಬಾರದು.

ಇನ್ನೊಂದು ತಲೆನೋವು ಇದೆ. ನಮ್ಮ ಸೊಸೈಟಿಯಲ್ಲಿ ಮೆಕ್ಯಾನಿಕಲ್ ಪಾರ್ಕಿಂಗ್. ಒಂದರ ಮೇಲೆ ಒಂದು ಗಾಡಿ ನಿಲ್ಲಿಸುವ ಕಬ್ಬಿಣದ ತಟ್ಟೆಗಳು. ನನಗೆ ಸಿಕ್ಕಿರೋದು ಕೆಳಗಿನದು. ಎತ್ತರ 1550 ಮಿ.ಮೀ. ಮೀರಬಾರದು ಅಂತ ಬೋರ್ಡ್ ಹಾಕಿದ್ದಾರೆ. ವ್ಯಾಗನ್ ಆದರೆ ಆರಾಮಾಗಿ ಒಳಗೆ ಹೋಗುತ್ತೆ ಅನ್ನೋದು ಗೆಳೆಯನ ದೊಡ್ಡ ವಾದ.

ಏನು ಮಾಡಲಿ?

ಸ್ಪೆಕ್ ಸ್ವಾಮಿ

ಎತ್ತರದ ಲೆಕ್ಕ ಮೊದಲು ಮುಗಿಸೋಣ. ಎರ್ಟಿಗಾ 1690 ಮಿ.ಮೀ., ಕ್ಯಾರೆನ್ಸ್ 1708, ಟ್ರೈಬರ್ 1643, ಇನ್ನೋವಾ ಕ್ರಿಸ್ಟಾ 1795. ಒಂದೂ ನಿಮ್ಮ ಕೆಳಗಿನ ತಟ್ಟೆಗೆ ಹೋಗಲ್ಲ. ಆಕ್ಟೇವಿಯಾ ಕಾಂಬಿ 1500ಕ್ಕಿಂತ ಕಡಿಮೆ, ಅದು ಹೋಗುತ್ತೆ. ನಿಮ್ಮ ಗೆಳೆಯ ಇಷ್ಟರ ಮಟ್ಟಿಗೆ ಸರಿ.

ಆದರೆ ಸ್ವಾಮಿ, ಕಾಂಬಿ ಐದು ಸೀಟಿನ ಗಾಡಿ. ನೀವು ಆರು ಜನ. ಇಲ್ಲಿಗೇ ಚರ್ಚೆ ಮುಗೀಬೇಕಲ್ವಾ?

ವಾಸ್ಕೋ ಗೌಡ

ಅಷ್ಟು ಬೇಗ ಬಾಗಿಲು ಹಾಕಬೇಡಿ. ನಾನು ಗೋವಾದಲ್ಲಿ ಇರೋದು, ನನ್ನ ಹತ್ತಿರ ಹಳೇ ವ್ಯಾಗನ್ ಇದೆ. ಯಾವ ಕಂಪನಿ ಅಂತ ಹೇಳಲ್ಲ, ಯಾಕೆ ಅನ್ನೋದು ಕೆಳಗೆ ಗೊತ್ತಾಗುತ್ತೆ.

ವಾಕಡ್‌ನವರು ತಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಆರೂ ಜನ ಒಟ್ಟಿಗೆ ಗಾಡಿ ಹತ್ತೋದು ಯಾವಾಗ? ದಸರಾ, ದೀಪಾವಳಿ, ಒಂದು ಮದುವೆ. ಉಳಿದ ದಿನ ಆಫೀಸು, ಶಾಲೆ, ತರಕಾರಿ. ಆ ದಿನಗಳಿಗೆಲ್ಲ ಖಾಲಿ ಮೂರನೇ ಸಾಲನ್ನು ಹಿಂಜೇವಾಡಿ ಟ್ರಾಫಿಕ್‌ನಲ್ಲಿ ಹೊತ್ತುಕೊಂಡು ತಿರುಗೋದು ಯಾತಕ್ಕೆ?

ವ್ಯಾಗನ್‌ನ ಸುಖ ಗೊತ್ತಾಗೋದು ಘಾಟ್‌ನಲ್ಲಿ. ನಾನು ಊರಿಗೆ ಹೋಗೋದು ಅನಮೋಡ್ ಘಾಟ್ ಮೇಲೆ. ಮಳೆಗಾಲದಲ್ಲಿ ತಿರುವು ಮೇಲೆ ತಿರುವು, ಎದುರಿಗೆ ಅದಿರಿನ ಲಾರಿ. ವ್ಯಾಗನ್ ತಗ್ಗಾಗಿ ಕೂತಿರುತ್ತೆ, ಭಾರವೆಲ್ಲ ಕೆಳಗೆ, ತಿರುವಿನಲ್ಲಿ ವಾಲೋದಿಲ್ಲ. ಹಿಂದೆ ಕೂತ ಮಕ್ಕಳು ವಾಂತಿ ಮಾಡೋದಿಲ್ಲ. ಎತ್ತರದ ಗಾಡಿಯ ಕೊನೇ ಸಾಲಿನಲ್ಲಿ, ಹಿಂದಿನ ಚಕ್ರದ ಮೇಲೇ ಕೂತು ಈ ದಾರಿ ಹೋದವರಿಗೆ ನಾನು ಹೇಳೋದು ಅರ್ಥವಾಗುತ್ತೆ.

ಕೋಥ್ರೂಡ್ ಅಮ್ಮ

ಗೌಡರೇ, "ದಸರಾ, ದೀಪಾವಳಿ, ಒಂದು ಮದುವೆ" ಅಂದಿರಲ್ಲ, ಅದನ್ನ ಗಂಡಸರೇ ಹೇಳೋಕೆ ಸಾಧ್ಯ. ಅತ್ತೆ-ಮಾವ ಮನೆಯಲ್ಲಿರುವ ಆರು ತಿಂಗಳು ದೇವಸ್ಥಾನ, ಕಣ್ಣಿನ ಡಾಕ್ಟರು, ಕನ್ನಡ ಸಂಘದ ಕಾರ್ಯಕ್ರಮ, ಭಾನುವಾರದ ಊಟ, ಎಲ್ಲದಕ್ಕೂ ಆರು ಜನ ಹೊರಡ್ತೀವಿ. ಐದು ಸೀಟು ಇದ್ದರೆ ಯಾರು ಮನೆಯಲ್ಲಿ ಉಳೀಬೇಕು ಅನ್ನೋ ಮಾತು ಪ್ರತಿ ಸಲ ಬರುತ್ತೆ. ಉಳಿಯೋದು ಯಾರು ಅಂತ ಬಿಡಿಸಿ ಹೇಳಬೇಕಾ?

ಎರಡು ವರ್ಷದ ಮಗು ಇದೆ ಅಂದಿದ್ದೀರಿ. ಚೈಲ್ಡ್ ಸೀಟ್ ಹಾಕಿದ ಮೇಲೆ ಹಿಂದಿನ ಬೆಂಚಿನಲ್ಲಿ ಮೂವರು ಕೂರೋದು ಕಾಗದದ ಮೇಲಿನ ಮಾತು. ನಡುವೆ ಕೂತವರ ಒಂದು ಭುಜ ಮುಂದೆ, ಒಂದು ಭುಜ ಹಿಂದೆ. ಐದು ಸೀಟಿನ ಗಾಡಿ ನಿಮಗೆ ನಾಲ್ಕೂವರೆ ಸೀಟಿನದು.

ಡೊಂಬಿವಲಿ ಭಟ್ರು

ಮಾರಾಯ್ರೆ, ಇದಕ್ಕೆಲ್ಲ ಒಂದೇ ಉತ್ತರ, ಇನ್ನೋವಾ. ನಾವು ಡೊಂಬಿವಲಿಯಿಂದ ಕುಂದಾಪುರಕ್ಕೆ ಹೋಗೋದು, ಕಶೇಡಿ ಘಾಟ್, ಪರಶುರಾಮ ಘಾಟ್ ದಾಟಿ. ಹೋಗುವಾಗ ಬಟ್ಟೆಬರೆ, ಬರುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಹಪ್ಪಳದ ಡಬ್ಬ, ಹಲಸಿನ ಹಣ್ಣು. ಹಲಸಿನ ಹಣ್ಣು ಎಸಿ ಗಾಡಿಯಲ್ಲಿ ತಂದವರಿಗೆ ವಾಸನೆಯ ಕಥೆ ಗೊತ್ತು. ಏಳು ಜನ ಕೂತು ಇಷ್ಟೆಲ್ಲ ತಂದರೂ 2.4 ಲೀಟರ್ ಡೀಸೆಲ್ ಇಂಜಿನ್ ಏದುಸಿರು ಬಿಡೋದಿಲ್ಲ.

2000ದಲ್ಲಿ ಕ್ವಾಲಿಸ್ ಬಂತು, 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ. ಅಂದಿನಿಂದ ನಮ್ಮ ಕಡೆಯ ಮದುವೆ ದಿಬ್ಬಣಗಳನ್ನು ನೋಡಿ, ಬೇರೆ ಸಾಕ್ಷಿ ಬೇಡ.

ಸ್ಪೆಕ್ ಸ್ವಾಮಿ

ಭಟ್ರೇ, ಅವರ ಬಜೆಟ್ 15 ಲಕ್ಷ. ಹೊಸ ಕ್ರಿಸ್ಟಾ ಆ ದುಡ್ಡಿಗೆ ಕನಸಿನಲ್ಲೂ ಬರಲ್ಲ.

ಡೊಂಬಿವಲಿ ಭಟ್ರು

ಸೆಕೆಂಡ್ ಹ್ಯಾಂಡ್ ಬರ್ತದೆ. ಟ್ಯಾಕ್ಸಿಗೆ ಓಡಿದ್ದು ಬಿಟ್ಟು ಬೇರೆ ನೋಡಬೇಕು, ಅಷ್ಟೇ.

ಪಿಂಪ್ರಿ ಮಾಮಾ

ಪಿಂಪ್ರಿಯ ಗಾಡಿ ಕಾರ್ಖಾನೆಯೊಂದರಲ್ಲಿ ಸರ್ವಿಸ್ ಮುಗಿಸಿ ಮನೆಯಲ್ಲಿ ಕೂತಿದ್ದೀನಿ, ಊರು ಬೆಳಗಾವಿ. ವ್ಯಾಗನ್ ಬಗ್ಗೆ ಯಾರಾದರೂ ಮಾತಾಡಿದರೆ ಸುಮ್ನೆ ಇರೋಕೆ ಆಗಲ್ಲ, ಸ್ವಲ್ಪ ಉದ್ದ ಬರೀತೀನಿ.

ನಮ್ಮ ದೇಶದಲ್ಲಿ ವ್ಯಾಗನ್ ಬರಲೇ ಇಲ್ಲ ಅಂತಿಲ್ಲ ನೋಡ್ರಿ. ಅಂಬಾಸಿಡರ್ ಕಾಲದಲ್ಲೇ ಎಸ್ಟೇಟ್ (ವ್ಯಾಗನ್‌ನ ಇನ್ನೊಂದು ಹೆಸರು) ಇತ್ತು. 1992ರಲ್ಲಿ ಟಾಟಾ ಎಸ್ಟೇಟ್ ಬಂತು. ಟಾಟಾಮೊಬೈಲ್ ಪಿಕಪ್‌ನ ತಳದ ಮೇಲೆ ಕಟ್ಟಿದ ಗಾಡಿ, ಪುಣೆಯದೇ. ಉದ್ದನೆ, ಚೌಕನೆ, ರಸ್ತೆಯಲ್ಲಿ ಹೋದರೆ ಜನ ತಿರುಗಿ ನೋಡ್ತಿದ್ದರು. ಆಮೇಲೆ ಮಾರುತಿ ಬಲೆನೋ ಆಲ್ಟೂರಾ, ಫಿಯೆಟ್ ವೀಕೆಂಡ್, ಓಪೆಲ್ ಕೊರ್ಸಾ ಸ್ವಿಂಗ್, ಈ ಆಕ್ಟೇವಿಯಾ ಕಾಂಬಿ, 2004ರಲ್ಲಿ ಇಂಡಿಗೋ ಮರೀನಾ. ಒಂದೂ ಗಟ್ಟಿಯಾಗಿ ನಿಲ್ಲಲಿಲ್ಲ.

ಯಾಕೆ ಅಂತ ಕೇಳಿದರೆ ಎಲ್ಲರೂ "ನೋಡೋಕೆ ಶವದ ಗಾಡಿ ಥರ ಇತ್ತು" ಅಂತಾರೆ. ಅದೂ ಇರಬಹುದು. ಸೆಡಾನ್‌ಗೆ ಹಿಂದೆ ಡಿಕ್ಕಿ ಚಾಚಿಕೊಂಡಿರಬೇಕು, ಅದು ನಮ್ಮವರಿಗೆ ಮರ್ಯಾದೆಯ ವಿಷಯ. ಆದರೆ ನನ್ನ ಪ್ರಕಾರ ವ್ಯಾಗನ್‌ಗೆ ಕೊನೇ ಮೊಳೆ ಹೊಡೆದದ್ದು ತೆರಿಗೆ. 2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರಿನ ಎಕ್ಸೈಸ್ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಅಂದರೆ ಉದ್ದ 4 ಮೀಟರ್ ಒಳಗೆ, ಇಂಜಿನ್ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗೆ. ಅಲ್ಲಿಂದ ಎಲ್ಲ ಕಂಪನಿಗಳೂ ಟೇಪು ಹಿಡಿದು ಕೂತವು. ಮರೀನಾದಲ್ಲಿ ಇಂಡಿಗೋದ ಚಾವಣಿಯನ್ನು ಹಿಂದಿನವರೆಗೂ ಚಾಚಿ ಜಾಗ ಮಾಡಿದ್ದರು. 2008ರಲ್ಲಿ ಅದೇ ಇಂಡಿಗೋದ ಬಾಲ ಕತ್ತರಿಸಿ ಇಂಡಿಗೋ ಸಿಎಸ್ ಮಾಡಿದರು, 4 ಮೀಟರ್ ಒಳಗೆ ಕೂರಿಸಿದರು. ಅದು ಓಡಿತು. ಹಿಂಭಾಗ ಉದ್ದ ಮಾಡೋದೇ ವ್ಯಾಗನ್‌ನ ಕೆಲಸ. ಉದ್ದಕ್ಕೇ ದಂಡ ಹಾಕಿದ ಮೇಲೆ ಅದನ್ನು ಯಾರು ಮಾಡ್ತಾರೆ, ನೀವೇ ಹೇಳ್ರಿ.

ಆ 4 ಮೀಟರ್ ಗೆರೆ ಇವತ್ತಿಗೂ ಇದೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯಿತಲ್ಲ, ಗೆರೆ ಒಳಗಿನ ಸಣ್ಣ ಕಾರಿಗೆ ಶೇ. 18, ಹೊರಗಿನದಕ್ಕೆ ಶೇ. 40. ಟ್ರೈಬರ್ 4 ಮೀಟರ್‌ಗಿಂತ ಕೂದಲೆಳೆ ಕಡಿಮೆ, ಇಂಜಿನ್ 1 ಲೀಟರ್, ಒಳಗೆ ಬಂತು. ಎರ್ಟಿಗಾ ಸುಮಾರು 4.4 ಮೀಟರ್, ಇಂಜಿನ್ 1.5 ಲೀಟರ್, ಹೊರಗೆ.

ಹೈಡೆಲ್‌ಬರ್ಗ್ ರಿಟರ್ನ್ಡ್

ಮಾಮಾ, ಒಳ್ಳೇ ಮಾಹಿತಿ. ನಾನು ಕೆಲವು ವರ್ಷ ಜರ್ಮನಿಯಲ್ಲಿದ್ದು ಈಗ ಬಾಣೇರ್‌ನಲ್ಲಿ ಇದ್ದೀನಿ. ಅಲ್ಲಿ ವ್ಯಾಗನ್ ಇನ್ನೂ ಮನೆಮನೆಯ ಗಾಡಿ. ಇವತ್ತಿನ ಆಕ್ಟೇವಿಯಾ ಕಾಂಬಿಯ ಡಿಕ್ಕಿಯೇ 640 ಲೀಟರ್, ಅದೂ ಐದು ಸೀಟು ಹಾಗೇ ಇಟ್ಟುಕೊಂಡು. ನಾಯಿ, ಸೈಕಲ್ಲು, ಮಗುವಿನ ಗಾಡಿ ಎಲ್ಲ ಹೋಗುತ್ತೆ. ಆಟೋಬಾನ್‌ನಲ್ಲಿ ವೇಗವಾಗಿ ಹೋಗೋರಿಗೆ ತಗ್ಗಿನ ಗಾಡಿ ಗಾಳಿಗೆ ಸಿಕ್ಕೋದು ಕಡಿಮೆ, ಎಣ್ಣೆ ಕುಡಿಯೋದೂ ಕಡಿಮೆ.

ಅಮೆರಿಕದಲ್ಲಿ ಮಾತ್ರ ವ್ಯಾಗನ್‌ನ ಜಾಗ ತಿಂದದ್ದು ಮಿನಿವ್ಯಾನ್. 1984ರ ಮಾಡೆಲ್ ಆಗಿ ಕ್ರೈಸ್ಲರ್‌ನವರು ಡಾಡ್ಜ್ ಕ್ಯಾರವಾನ್, ಪ್ಲಿಮತ್ ವಾಯೇಜರ್ ತಂದರು. ಆಗ ಅಲ್ಲಿ ಲೀ ಅಯಕೋಕಾ ಮುಖ್ಯಸ್ಥ. ಫ್ರಂಟ್ ವೀಲ್ ಡ್ರೈವ್ ಆದ್ದರಿಂದ ನೆಲದಡಿ ಹಿಂದಿನ ಚಕ್ರ ತಿರುಗಿಸುವ ಪ್ರೊಪೆಲ್ಲರ್ ಶಾಫ್ಟ್ ಇರಲಿಲ್ಲ, ನೆಲ ತಗ್ಗು, ಸಪಾಟು. ಗ್ಯಾರೇಜಿಗೂ ಹೋಗುತ್ತಿತ್ತು. ಜಾರುವ ಬಾಗಿಲು ಮಾತ್ರ ಒಂದೇ ಕಡೆ. ಡ್ರೈವರ್ ಬದಿಗೆ ಅದು ಬರೋಕೆ 1996ರ ಮಾಡೆಲ್‌ವರೆಗೆ ಕಾಯಬೇಕಾಯಿತು. ಮಾಮಾ ಹೇಳಿದ ಸರ್ಕಾರದ ಗೆರೆ ಅಲ್ಲೂ ಇತ್ತು. ಮೈಲೇಜ್ ಕಾನೂನಿನಲ್ಲಿ ವ್ಯಾಗನ್ ಕಾರಿನ ಲೆಕ್ಕ, ಮಿನಿವ್ಯಾನ್ ಸಣ್ಣ ಟ್ರಕ್ಕಿನ ಲೆಕ್ಕ. ಟ್ರಕ್ಕಿಗೆ ನಿಯಮ ಸಡಿಲ. ಕಂಪನಿಗಳು ಯಾವ ಕಡೆ ವಾಲಿದವು ಅಂತ ಹೇಳಬೇಕಾಗಿಲ್ಲ.

ಆ ಹಳೇ ಅಮೆರಿಕನ್ ವ್ಯಾಗನ್‌ಗಳಲ್ಲಿ ಡಿಕ್ಕಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂರುವ ಮೂರನೇ ಸಾಲು ಇರುತ್ತಿತ್ತು. ಮಕ್ಕಳಿಗೆ ಹಬ್ಬ. ಹಿಂದಿನ ಗಾಡಿಯವರಿಗೆ ನಾಲಿಗೆ ಚಾಚಿ ತೋರಿಸುತ್ತಾ ಹೋಗೋದು.

ನಾಲಾಸೋಪಾರಾ ನಾಯ್ಕ

ಇಷ್ಟೆಲ್ಲ ಯಾಕೆ? ಹುಬ್ಬಳ್ಳಿ–ಪುಣೆ ವಂದೇ ಭಾರತ್ 2024ರಿಂದ ಓಡ್ತಾ ಇದೆ. ಧಾರವಾಡದಲ್ಲಿ ನಿಲ್ಲುತ್ತೆ. ಹತ್ತಿ ಕೂತ್ಕೊಳ್ಳಿ.

ವಾಕಡ್ ವಾಸಿ

ನಾಯ್ಕರೇ, ಅದು ದಿನಾ ಓಡಲ್ಲ, ನಮಗೆ ರಜೆ ಸಿಗೋ ದಿನವೇ ಇರಬೇಕಲ್ಲ. ಮತ್ತೆ ಅಮ್ಮನ ಜೊತೆ ಬರೋ ಸಾಮಾನು ನೋಡಿದರೆ ನೀವು ಹೀಗೆ ಹೇಳಲ್ಲ. ಜೋಳದ ಹಿಟ್ಟಿನ ಚೀಲ, ಕಟಕ ರೊಟ್ಟಿಯ ಡಬ್ಬ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಪೇಢೆ. ಹೋದ ಸಲ ಒಂದು ಒರಳು ಕಲ್ಲೂ ಬಂತು. ಪುಣೆಯಲ್ಲಿ ಕಲ್ಲು ಸಿಗೋದಿಲ್ಲವಾ ಅಂತ ಕೇಳೋ ಹಾಗಿಲ್ಲ.

ಭಟ್ರೇ, ಇನ್ನೋವಾ ಟೆಸ್ಟ್ ಡ್ರೈವ್ ಮಾಡಿದ್ದೆ. ಅಮ್ಮನಿಗೆ ಹತ್ತೋದೇ ಕಷ್ಟ ಆಯಿತು, ಎತ್ತರ.

ಗೌಡರೇ, ನಿಮ್ಮ ವ್ಯಾಗನ್ ಕಥೆ ಅರ್ಧಕ್ಕೇ ನಿಂತಿದೆ.

ವಾಸ್ಕೋ ಗೌಡ

ಹೇಳ್ತೀನಿ. ಹೋದ ವರ್ಷ ಮನೆ ಮುಂದೆ ನಿಲ್ಲಿಸಿದ್ದಾಗ ಡಿಕ್ಕಿ ಬಾಗಿಲಿನ ಗಾಜಿನ ಮೇಲೆ ತೆಂಗಿನ ಗರಿ ಬಿತ್ತು. ಗಾಜು ಪುಡಿಪುಡಿ. ಡೀಲರ್ ಹತ್ತಿರ ಹೋದೆ. "ಸೆಡಾನ್‌ದು ಇದೆ" ಅಂದರು. ಸೆಡಾನ್ ಗಾಜು ಇಟ್ಟುಕೊಂಡು ನಾನೇನು ಮಾಡಲಿ? ಒಂದೂವರೆ ತಿಂಗಳು ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು ಓಡಿಸಿದೆ, ಅದೂ ಗೋವಾದ ಜೂನ್ ಮಳೆಯಲ್ಲಿ. ಕೊನೆಗೆ ಮುಂಬೈನ ಕುರ್ಲಾದಲ್ಲಿ, ಹಳೇ ಗಾಡಿ ಒಡೆಯುವವರ ಹತ್ತಿರ ಒಂದು ಬಾಗಿಲು ಪೂರ್ತಿಯಾಗಿ ಸಿಕ್ಕಿತು. ಗಾಜು ಸಾಕು ಅಂದರೂ ಕೊಡಲಿಲ್ಲ. ಬೇರೆ ಬಣ್ಣದ ಬಾಗಿಲು ಹಾಕಿಸಿಕೊಂಡು ಬಂದೆ.

ಹಳೇ ವ್ಯಾಗನ್ ತಗೊಳ್ಳೋರು ಇದನ್ನು ತಿಳ್ಕೊಳ್ಳಿ. ಮುಂದಿನಿಂದ ಹಿಂದಿನ ಬಾಗಿಲಿನವರೆಗೆ ಎಲ್ಲ ಭಾಗ ಸೆಡಾನ್‌ದೇ, ಇಂಜಿನ್, ಬ್ರೇಕ್, ಸಸ್ಪೆನ್ಶನ್ ಹೆಚ್ಚು ಕಡಿಮೆ ಸಿಗುತ್ತೆ. ಅಲ್ಲಿಂದ ಹಿಂದೆ ಇರೋದು ವ್ಯಾಗನ್‌ಗೆ ಮಾತ್ರ. ಡಿಕ್ಕಿ ಬಾಗಿಲು, ಅದರ ಗಾಜು, ಟೇಲ್ ಲೈಟು, ಬಾಗಿಲು ಎತ್ತಿ ಹಿಡಿಯುವ ಗ್ಯಾಸ್ ಕೋಲು, ರಬ್ಬರ್ ಬೀಡಿಂಗ್, ಒಳಗಿನ ಲಗೇಜ್ ಪರದೆ. ಮಾರಿದ್ದೇ ಕಡಿಮೆ, ಹಾಗಾಗಿ ಗುಜರಿಯಲ್ಲೂ ಕಡಿಮೆ. ನನಗೆ ಹುಚ್ಚು, ನಾನು ಸಹಿಸ್ಕೊಳ್ತೀನಿ. ಮನೆಗೆ ಇದೊಂದೇ ಗಾಡಿ ಅನ್ನೋರಿಗೆ ನಾನೇ ಬೇಡ ಅಂತೀನಿ.

ಪಿಂಪ್ರಿ ಮಾಮಾ

15 ವರ್ಷ ದಾಟಿದ್ದರೆ ನೋಂದಣಿ ನವೀಕರಣವೂ ನೋಡ್ರಿ. ಫಿಟ್‌ನೆಸ್ ಪಾಸಾದರೆ ಐದು ವರ್ಷಕ್ಕೆ ಕೊಡ್ತಾರೆ. ಆ ಕಾಂಬಿಯ ಆರ್‌ಸಿಯಲ್ಲಿ ತಾರೀಕು ಏನಿದೆ?

ವಾಕಡ್ ವಾಸಿ

ನವೀಕರಣ ಆಗಿದೆ, ಅದೂ ಮುಗಿಯೋಕೆ ಹೆಚ್ಚು ದಿನ ಇಲ್ಲ. ಗೆಳೆಯ ಈ ವಿಷಯ ಹೇಳಿರಲಿಲ್ಲ.

ಸರಿ, ಕಾಂಬಿ ಬಿಟ್ಟೆ. ಈಗ ಹೊಸ ವ್ಯಾಗನ್ ಅಂತ ಏನಾದರೂ ಸಿಗುತ್ತಾ?

ಸ್ಪೆಕ್ ಸ್ವಾಮಿ

2017ರಲ್ಲಿ ವೋಲ್ವೋ ವಿ90 ಕ್ರಾಸ್ ಕಂಟ್ರಿ ತಂದರು, 2018ರಲ್ಲಿ ಮರ್ಸಿಡೀಸ್ ಇ-ಕ್ಲಾಸ್ ಆಲ್-ಟೆರೇನ್. ಬೆಲೆ ಕೇಳಬೇಡಿ. ನಿಮ್ಮ ಬಜೆಟ್‌ನಲ್ಲಿ ಹೊಸ ವ್ಯಾಗನ್ ಒಂದೂ ಇಲ್ಲ.

ಈಗ ಮೂರು ಸಾಲಿನ ಗಾಡಿಗೆ ಬರೋಣ. ಬ್ರೋಷರ್‌ನಲ್ಲಿ ದೊಡ್ಡ ಅಂಕಿ ತೋರಿಸ್ತಾರೆ, ಅದು ಸೀಟು ಮಡಚಿದ ಮೇಲಿನದು. ನೀವು ನೋಡಬೇಕಾದ್ದು ಎಲ್ಲ ಸೀಟೂ ಎತ್ತಿಟ್ಟಾಗ ಉಳಿಯುವ ಡಿಕ್ಕಿ. ಎರ್ಟಿಗಾದಲ್ಲಿ ಅದು 209 ಲೀಟರ್. ಮೂರನೇ ಸಾಲು ಮಡಚಿದರೆ 550. ಕ್ಯಾರೆನ್ಸ್‌ನಲ್ಲಿ ಏಳೂ ಸೀಟು ಇದ್ದಾಗ 216. ಟ್ರೈಬರ್‌ನಲ್ಲಿ 84 ಲೀಟರ್, ಮೂರನೇ ಸಾಲಿನ ಎರಡೂ ಸೀಟು ಕಿತ್ತು ಮನೆಯಲ್ಲಿಟ್ಟರೆ 625. ಕಿತ್ತಿಡೋಕೆ ಆಗೋದೇ ಅದರ ಜಾಣತನ. ಆದರೆ ಅರ್ಧ ದಾರಿಯಲ್ಲಿ ಅತ್ತಿಗೆ ಹತ್ತಿದರೆ ಸೀಟು ವಾಕಡ್‌ನಲ್ಲಿ ಇರುತ್ತೆ.

209 ಲೀಟರ್ ಅಂದರೆ ಒಂದು ದೊಡ್ಡ ಟ್ರಾಲಿ ಬ್ಯಾಗನ್ನು ನಿಲ್ಲಿಸಿಟ್ಟರೆ ಪಕ್ಕದಲ್ಲಿ ಎರಡು ಸಣ್ಣ ಚೀಲ. ಒರಳು ಕಲ್ಲಿಗೆ ಜಾಗ ಇಲ್ಲ.

ಸಿಎನ್‌ಜಿ ಎರ್ಟಿಗಾ ನೋಡೋದಾದರೆ ಸಿಲಿಂಡರ್ ಕೂರೋದೂ ಆ ಡಿಕ್ಕಿಯಲ್ಲೇ. ಪುಣೆಯಲ್ಲಿ ದಿನಾ ಜಾಸ್ತಿ ಓಡಿಸೋರಿಗೆ ಖರ್ಚಿನ ಲೆಕ್ಕದಲ್ಲಿ ಚೆನ್ನ. ಆರು ಜನ ಊರಿಗೆ ಹೋಗೋಕೆ ಅಲ್ಲ.

ಕೋಥ್ರೂಡ್ ಅಮ್ಮ

ಸ್ವಾಮಿಗಳೇ, ನೀವು ಏಳು ಸೀಟಿನ ಲೆಕ್ಕ ಹಾಕ್ತಾ ಇದ್ದೀರಿ. ಅವರು ಆರು. ಆ ಒಂದು ಸೀಟಿನಲ್ಲೇ ಎಲ್ಲ ಇದೆ.

ಕೊನೇ ಸಾಲು ಎರಡು ಭಾಗವಾಗಿ ಮಡಚುವ ಗಾಡಿ ತಗೊಳ್ಳಿ. ಅರ್ಧ ಮಡಚಿ ಅಲ್ಲಿ ಸಾಮಾನು. ಉಳಿದ ಅರ್ಧದಲ್ಲಿ ಎಂಟು ವರ್ಷದ ಮಗಳು. ಅವಳಿಗೆ ಕಾಲು ಮಡಚೋದು ಕಷ್ಟವಲ್ಲ, ಒಬ್ಬಳೇ ಕೂರೋದು ಖುಷಿ. ನಡುವಿನ ಸಾಲಿನಲ್ಲಿ ಚೈಲ್ಡ್ ಸೀಟು, ಅಜ್ಜಿ, ನೀವು ಅಥವಾ ನಿಮ್ಮ ಹೆಂಡತಿ. ಅಜ್ಜ ಮುಂದೆ. ನಾವು ಹೀಗೇ ಹೋಗೋದು. ನಮ್ಮ ಜಾತ್ರೆ ನಿಮಗಿಂತ ದೊಡ್ಡದು.

ದಯವಿಟ್ಟು ಕ್ಯಾಪ್ಟನ್ ಸೀಟಿನ (ನಡುವಿನ ಸಾಲಿನಲ್ಲಿ ಬೆಂಚಿನ ಬದಲು ಬೇರೆ ಬೇರೆ ಎರಡು ಕುರ್ಚಿ) ಆರು ಸೀಟರ್‌ಗೆ ಮರುಳಾಗಬೇಡಿ. ಶೋರೂಮಿನಲ್ಲಿ ಸಿಂಹಾಸನ ಥರ ಕಾಣುತ್ತೆ. ಆರೂ ಜನ ಕೂತರೆ ಕೊನೇ ಸಾಲಿನ ಎರಡೂ ಸೀಟು ಬೇಕೇ ಬೇಕು, ಆಗ ಡಿಕ್ಕಿ ಪೂರ್ತಿ ಹೋಯಿತು. ಬೆಂಚ್ ಇರೋ ಏಳು ಸೀಟರ್‌ನಲ್ಲಿ ನಡುವೆ ಮೂವರು, ಹಿಂದೆ ಒಬ್ಬರು, ಅರ್ಧ ಡಿಕ್ಕಿ ಉಳಿಯಿತು. ಇದನ್ನ ಯಾವ ಸೇಲ್ಸ್ ಹುಡುಗನೂ ಹೇಳಲ್ಲ.

ಹೈಡೆಲ್‌ಬರ್ಗ್ ರಿಟರ್ನ್ಡ್

ಆದರೆ ನೀವೇ ಮೇಲೆ ಹೇಳಿದಿರಲ್ಲ, ಚೈಲ್ಡ್ ಸೀಟ್ ಇದ್ದರೆ ಬೆಂಚಿನಲ್ಲಿ ಮೂವರು ಕೂರೋದು ಕಾಗದದ ಮೇಲೆ ಅಂತ?

ಕೋಥ್ರೂಡ್ ಅಮ್ಮ

ಹೇಳಿದ್ದೆ, ಈಗಲೂ ಹೇಳ್ತೀನಿ. ಅದಕ್ಕೇ ನಡುವೆ ಕೂರೋದು ನೀವು ಅಥವಾ ಹೆಂಡತಿ, ಅಜ್ಜಿಯಲ್ಲ. ಕ್ಯಾರೆನ್ಸ್ ಅಗಲ ಜಾಸ್ತಿ, ಎರ್ಟಿಗಾಕ್ಕಿಂತ ಸ್ವಲ್ಪ ಆರಾಮ. ಹಿಂಸೆ ಆಗುತ್ತೆ ಅನ್ನಿಸಿದರೆ ಅಪ್ಪ-ಮಗಳು ಜಾಗ ಬದಲಾಯಿಸಿಕೊಳ್ಳಿ, ನಿಪ್ಪಾಣಿಯಲ್ಲಿ ಚಹಾ ಕುಡಿದ ಮೇಲೆ. ಸಾತಾರಾದಿಂದ ಕಾಗಲ್‌ವರೆಗೆ ರಸ್ತೆ ಅಗಲ ಮಾಡುವ ಕೆಲಸದಿಂದ ಎಷ್ಟು ಡೈವರ್ಶನ್ ಅನ್ನೋದು ಗೊತ್ತಲ್ಲ, ನಿಲ್ಲಿಸೋಕೆ ನೆಪ ಸಾಕಷ್ಟು ಸಿಗುತ್ತೆ.

ಇನ್ನೊಂದು. ಅಮ್ಮನನ್ನು ಶೋರೂಮಿಗೆ ಕರ್ಕೊಂಡು ಹೋಗಿ. ಸೀರೆ ಉಟ್ಟುಕೊಂಡೇ ಬರಲಿ. ಸೀಟು ಅವರ ಸೊಂಟದ ಮಟ್ಟಕ್ಕೆ ಇದೆಯಾ ನೋಡಿ. ತಗ್ಗಿದ್ದರೆ ಬಾವಿಗೆ ಇಳಿದ ಹಾಗೆ ಇಳೀಬೇಕು, ವ್ಯಾಗನ್, ಸೆಡಾನ್ ಎಲ್ಲದರ ಪಾಡೂ ಅಷ್ಟೇ. ಎತ್ತರ ಇದ್ದರೆ ಒಂದು ಕಾಲು ಮೇಲಿಟ್ಟು, ಹಿಡಿಕೆ ಹಿಡಿದು ಜಗ್ಗಿಕೊಳ್ಳಬೇಕು, ಆಗ ನೋವಿರೋ ಮೊಣಕಾಲಿನ ಮೇಲೇ ಭಾರ. ನಮ್ಮತ್ತೆ ಮೊದಲು ಹಿಂದಕ್ಕೆ ತಿರುಗಿ ಸೀಟಿನ ಮೇಲೆ ಕೂರ್ತಾರೆ, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಗೋತಾರೆ. ಯಾವ ಗಾಡಿಯಲ್ಲಿ ಇದು ಸಲೀಸಾಗಿ ಆಗುತ್ತೋ ಅದು ನಿಮ್ಮ ಗಾಡಿ. ಬಾಗಿಲ ಕೆಳಗಿನ ಪಟ್ಟಿಯ ಅಗಲವೂ ನೋಡಿ. ಅದು ಅಗಲ ಇದ್ದರೆ ನೆರಿಗೆಗೆ ಧೂಳು ಗ್ಯಾರಂಟಿ.

ವಾಸ್ಕೋ ಗೌಡ

ಜಾರುವ ಬಾಗಿಲು ಇದ್ದಿದ್ದರೆ ಈ ತಾಪತ್ರಯ ಅರ್ಧ ಕಮ್ಮಿ. ನಮ್ಮಲ್ಲಿ ಅದು ಓಮ್ನಿ, ವರ್ಸಾದಿಂದ ಇದ್ದೇ ಇತ್ತು. ಈಗ ಸಿಗೋದು ಈಕೋದಲ್ಲಿ, ಇಲ್ಲ ಅಂದರೆ ನೇರ ಕಾರ್ನಿವಲ್‌ನಂಥ ದುಬಾರಿ ಗಾಡಿಗಳಲ್ಲಿ. ನಡುವಿನ ಜನ ಬಾಗಿಲು ತೆಗೆದು ಪಕ್ಕದ ಗಾಡಿಗೆ ಬಡಿದುಕೊಳ್ಳಲಿ ಅಂತ ಬಿಟ್ಟಿದ್ದಾರೆ.

ಡೊಂಬಿವಲಿ ಭಟ್ರು

ಇನ್ನೋವಾಕ್ಕೆ ಫುಟ್‌ಸ್ಟೆಪ್ ಹಾಕಿಸಿದರೆ ಆಯ್ತಲ್ಲ. ಸುಮ್ನೆ ಹೇಳಿದೆ, ಬೈಬೇಡಿ.

ಮತ್ತೆ, ಮೇಲೆ ಕ್ಯಾರಿಯರ್ ಹಾಕಿ ಸಾಮಾನು ಕಟ್ಟುವ ಯೋಚನೆ ಇದ್ದರೆ ಬಿಟ್ಟುಬಿಡಿ. ಎತ್ತರದ ಗಾಡಿಯ ತಲೆ ಮೇಲೆ ಇನ್ನಷ್ಟು ಭಾರ ಹಾಕಿ ಘಾಟ್ ಇಳಿಸೋದು ಒಳ್ಳೇದಲ್ಲ. ನಮ್ಮ ತಮ್ಮ ಹಾಕಿಸಿದ್ದ, ತೆಗೆಸಿದ.

ವಾಕಡ್ ವಾಸಿ

ಎಲ್ಲರಿಗೂ ದೊಡ್ಡ ಧನ್ಯವಾದ. ಈ ವಾರಾಂತ್ಯ ಅಮ್ಮನನ್ನು ಕರ್ಕೊಂಡು ಎರಡು ಶೋರೂಮ್ ಸುತ್ತಿದೆ. ಎರ್ಟಿಗಾ, ಕ್ಯಾರೆನ್ಸ್ ಎರಡರಲ್ಲೂ ಕೋಥ್ರೂಡ್ ಅಮ್ಮ ಹೇಳಿದ ಹಾಗೆ ಕೂತು ಕಾಲು ಒಳಗೆ ತಗೊಂಡರು, ಕಷ್ಟ ಆಗಲಿಲ್ಲ. ಮಗಳು ಕೊನೇ ಸಾಲು ಹತ್ತಿ ಇಳಿಯೋಕೇ ಒಪ್ಪಲಿಲ್ಲ. ಕ್ಯಾರೆನ್ಸ್‌ನಲ್ಲಿ ಗುಂಡಿ ಒತ್ತಿದರೆ ನಡುವಿನ ಸೀಟು ತಾನೇ ಮಡಚಿ ದಾರಿ ಬಿಡುತ್ತೆ, ಅದಕ್ಕೇ ಅವಳ ಮನಸ್ಸು ಹೋಗಿದೆ.

ಪಾರ್ಕಿಂಗ್ ಸಮಸ್ಯೆಗೂ ದಾರಿ ಸಿಕ್ಕಿತು. ಮೇಲಿನ ತಟ್ಟೆಗೆ ಎತ್ತರದ ಮಿತಿ ಇಲ್ಲ. ಅಲ್ಲಿ ಸೆಡಾನ್ ನಿಲ್ಲಿಸೋ ಒಬ್ಬರು ಅದಲುಬದಲು ಮಾಡಿಕೊಳ್ಳೋಕೆ ಒಪ್ಪಿದ್ದಾರೆ. ಗಾಡಿ ಇಳಿಸೋಕೆ ಬೆಳಗ್ಗೆ ಕಾಯೋದು ಅವರಿಗೂ ಸಾಕಾಗಿತ್ತಂತೆ. ಇನ್ನು ಮೇಲೆ ಕಾಯೋದು ನಾನು.

ಸ್ಪೆಕ್ ಸ್ವಾಮಿ

ಮೇಲಿನ ತಟ್ಟೆಗೆ ತೂಕದ ಮಿತಿ ಇರುತ್ತೆ, ಅದನ್ನು ಬರಹದಲ್ಲಿ ತಗೊಳ್ಳಿ. ಎರ್ಟಿಗಾ ಸುಮಾರು 1200 ಕಿಲೋ, ಚಿಂತೆ ಇಲ್ಲ. ಕ್ಯಾರೆನ್ಸ್ ಅದಕ್ಕಿಂತ ಭಾರ. ಭಟ್ರ ಮಾತು ಕೇಳಿ ಕ್ರಿಸ್ಟಾ ತಗೊಂಡರೆ 1800 ದಾಟುತ್ತೆ. ಅದಲುಬದಲನ್ನೂ ಸೊಸೈಟಿಯ ಕಮಿಟಿಯಿಂದ ಬರೆಸಿಕೊಳ್ಳಿ. ನಾಳೆ ಆ ಸೆಡಾನ್‌ನವರು ಮನೆ ಮಾರಿದರೆ ಹೊಸಬರು ಒಪ್ಪಲ್ಲ.

ವಾಕಡ್ ವಾಸಿ

ಸರಿ, ಬರೆಸಿಕೊಳ್ತೀನಿ. ಕೊನೇ ಪ್ರಶ್ನೆ ಮಾಮಾನಿಗೆ. ಆರು ಜನ, ಜೊತೆಗೆ ಸಾಮಾನು ತುಂಬಿ ಖಂಬಾಟಕಿ ಘಾಟ್ ಹತ್ತುವಾಗ 1.5 ಪೆಟ್ರೋಲ್ ಒದ್ದಾಡುತ್ತಾ? ಹೊರಡೋ ಮೊದಲು ಏನಾದರೂ ನೋಡಿಕೊಳ್ಳಬೇಕಾ?

ಪಿಂಪ್ರಿ ಮಾಮಾ

ಒದ್ದಾಡಲ್ಲ, ಆದರೆ ಗೇರ್ ಇಳಿಸೋಕೆ ಸೋಮಾರಿತನ ಮಾಡಬೇಡಿ. ಎರ್ಟಿಗಾದ ಟಾರ್ಕ್ (ಎಳೆಯುವ ಬಲ) 140 ನ್ಯೂಟನ್ ಮೀಟರ್ ಒಳಗೆ, ಕ್ರಿಸ್ಟಾದ ಮ್ಯಾನುವಲ್ ಡೀಸೆಲ್‌ದು 343. ಡೀಸೆಲ್ ಥರ ಮೇಲಿನ ಗೇರಿನಲ್ಲೇ ಎಳೀತಾ ಕೂರೋಕೆ ಆಗಲ್ಲ. ಎಸಿ ಹಾಕಿದ್ದರೆ ಮೂರಕ್ಕೆ ಇಳಿಸಿ, ಇಂಜಿನ್ ಸ್ವಲ್ಪ ಕೂಗಲಿ.

ಹೊರಡೋ ಮೊದಲು ಟೈರ್ ಗಾಳಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಚೀಟಿ ಇರುತ್ತೆ ನೋಡ್ರಿ. ಅದರಲ್ಲಿ ಕಡಿಮೆ ಜನಕ್ಕೆ ಒಂದು ಅಂಕಿ, ತುಂಬಿದ ಗಾಡಿಗೆ ಬೇರೆ ಅಂಕಿ ಕೊಟ್ಟಿದ್ದರೆ ಎರಡನೇದನ್ನು ಹಾಕಿಸಿ. ಟೈರ್ ತಣ್ಣಗಿರುವಾಗಲೇ ಹಾಕಿಸಬೇಕು, ವಾಕಡ್‌ನಲ್ಲೇ. ಸಾತಾರಾದಲ್ಲಿ ಬಿಸಿ ಟೈರಿಗೆ ಹಾಕಿಸಿದರೆ ಲೆಕ್ಕ ತಪ್ಪುತ್ತೆ. ಭಾರದ ಸಾಮಾನು ಕೆಳಗೆ, ಸೀಟಿನ ಬೆನ್ನಿಗೆ ಒತ್ತಿ ಇಡಿ. ಕಲ್ಲು ಗಿಲ್ಲು ಇದ್ದರೆ ಬಟ್ಟೆ ಸುತ್ತಿ ನೆಲಕ್ಕೇ ಇಡಿ, ಸೀಟಿನ ಮೇಲೆ ಬೇಡ. ಬ್ರೇಕ್ ಹಾಕಿದಾಗ ಅದು ಮಗಳ ಪಕ್ಕದಿಂದ ಮುಂದಕ್ಕೆ ಹಾರಬಾರದು.

ಇನ್ನೊಂದು ಸಣ್ಣ ವಿಷಯ. ಹಿಂದೆ ಭಾರ ಬಿದ್ದರೆ ಗಾಡಿಯ ಮೂತಿ ಮೇಲೇಳುತ್ತೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಅವರು ಡಿಪ್ಪರ್ ಹೊಡೀತಾನೇ ಇರ್ತಾರೆ, ನಮಗೆ ಯಾಕೆ ಅಂತ ಗೊತ್ತಾಗಲ್ಲ. ಸ್ಟಿಯರಿಂಗ್ ಬಲಗಡೆ ಕೆಳಗೆ ಒಂದು ಪುಟ್ಟ ಚಕ್ರ ಇರುತ್ತೆ, ಸೊನ್ನೆಯಿಂದ ಮೇಲೆ ಅಂಕಿ ಬರೆದಿರುತ್ತೆ. ಜನ ತುಂಬಿದಷ್ಟೂ ಅದನ್ನು ಮೇಲಿನ ಅಂಕಿಗೆ ತಿರುಗಿಸಿ, ಬೆಳಕು ಕೆಳಗಿಳಿಯುತ್ತೆ. ಊರು ಮುಟ್ಟಿ ಸಾಮಾನು ಇಳಿಸಿದ ಮೇಲೆ ಮತ್ತೆ ಸೊನ್ನೆಗೆ ತನ್ನಿ, ಇಲ್ಲಾಂದರೆ ರಾತ್ರಿ ಧಾರವಾಡದ ಗಲ್ಲಿಯಲ್ಲಿ ಬಾನೆಟ್ ಮುಂದೆ ಹತ್ತು ಅಡಿ ಬಿಟ್ಟು ಏನೂ ಕಾಣಲ್ಲ.